ಅಂತಃಸಾಕ್ಷಿಯೂ ಪಣದ ಸೋಲೂ



ದ್ಯೂತವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸ್ತಿನಾವತಿಯ ಸಭೆ. ದಾಳಗಳೂ ಶಕುನಿಯೂ ಇಲ್ಲದೆಡೆಯಲ್ಲಿ ದ್ಯೂತವೇ ಇಲ್ಲವೆಂದು ನಾವು ನೆಮ್ಮದಿಯಿಂದಿರುತ್ತೇವೆ. ಆದರೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಇದರಲ್ಲಿ ಎರಡು ಬಗೆಗಳನ್ನು ಹೇಳುತ್ತದೆ. ಪ್ರಾಣವಿಲ್ಲದ ದಾಳಾದಿಗಳಿಂದ ಆಡುವುದು ದ್ಯೂತ. ಪ್ರಾಣವುಳ್ಳವುಗಳ ಸ್ಪರ್ಧೆಯ ಮೇಲೆ ಪಣವೊಡ್ಡುವುದು ಸಮಾಹ್ವಯ. ಕ್ರಿಕೆಟ್ ಪಂದ್ಯದ ಮೇಲೆ ಕಟ್ಟುವ ಬಾಜಿಯನ್ನು ಈ ಎರಡನೆಯ ಬಗೆಗೇ ಸೇರಿದುದೆಂದು ತಿಳಿಯಬೇಕು. ಇದನ್ನು ಪಾಠಶಾಲೆಯಲ್ಲಿ ಓದಿಯೂ ಬಾಜಿ ಕಟ್ಟಿದವನೊಬ್ಬನ ವೃತ್ತಾಂತವನ್ನು ಹೇಳುತ್ತೇನೆ. ಅವನು ನಾನೇ.

೨೦೨೩ನೆಯ ಇಸವಿ ನವೆಂಬರ್ ೧೯ರಂದು ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಅದುವರೆಗೆ ಭಾರತ ತಂಡವು ಸತತವಾಗಿ ೧೦ ಪಂದ್ಯಗಳನ್ನು ಗೆದ್ದಿತ್ತು. ಎಲ್ಲರ ಬಾಯಲ್ಲಿಯೂ ಜಯದ ಮಾತೇ. ನನ್ನ ಒಳಮನಸ್ಸು ಮಾತ್ರ ಅಳುಕುತ್ತಿತ್ತು. ಅಕ್ಟೋಬರ್ ೮ರಂದು ಚೆನ್ನೈಯಲ್ಲಿ ಇದೇ ಆಸ್ಟ್ರೇಲಿಯದ ಎದುರು ನಮ್ಮವರು ಕೇವಲ ೨ ಓಟಗಳಿಗೆ ೩ ವಿಕೆಟ್ ಕಳೆದುಕೊಂಡಿದ್ದರು. ಆ ದಿನ ಗೆದ್ದರಾದರೂ ಆ ನೆನಪು ಅಳಿಸಿರಲಿಲ್ಲ. ಮಿತ್ರನೊಬ್ಬನು ಆಸ್ಟ್ರೇಲಿಯವೇ ಗೆಲ್ಲುವುದೆಂದು ಪಣಕ್ಕೆ ಕರೆದನು. ನಾನು ಹಿಂಜರಿದಾಗ, "ನಮ್ಮ ತಂಡದ ಮೇಲೆ ಅಷ್ಟೂ ನಂಬಿಕೆಯಿಲ್ಲವೇನಯ್ಯಾ?" ಎಂದು ಉಳಿದವರು ನಕ್ಕರು. ನಾನು ೫,೦೦೦ ರೂಪಾಯಿಗಳನ್ನು ಒಡ್ಡಿದೆನು.

ಆ ಹಣವು ನನ್ನದಾಗಿರಲಿಲ್ಲ. ಮನೆಯ ತುಳಸೀವೃಂದಾವನವು ಬಿರುಕುಬಿಟ್ಟಿತ್ತು. ಉತ್ಥಾನ ದ್ವಾದಶಿಯೊಳಗೆ ಹೊಸ ಕಲ್ಲಿನ ವೃಂದಾವನವನ್ನು ತರಿಸಬೇಕೆಂದು ತಾಯಿಯು ವರ್ಷಗಟ್ಟಲೆ ಕೂಡಿಟ್ಟು ನನ್ನ ಕೈಗೆ ಕೊಟ್ಟ ಹಣವದು. ಕಾರ್ತಿಕ ಮಾಸದ ದ್ವಿದಳ ವ್ರತವೆಂದು ಬೇಳೆಕಾಳನ್ನು ಮುಟ್ಟದೆ ಉಂಡೆದ್ದ ಕೈಯಿಂದಲೇ ಆ ಹಣವನ್ನು ಪಣಕ್ಕಿಟ್ಟೆನು.

ಮುಂದಿನ ಕಥೆ ತಮಗೆ ತಿಳಿದದ್ದೇ. ಭಾರತವು ೨೪೦ ಓಟಗಳಿಗೆ ಮುಗಿಯಿತು. ಆಸ್ಟ್ರೇಲಿಯವು ೪೭ಕ್ಕೆ ೩ ವಿಕೆಟ್ ಕಳೆದುಕೊಂಡಾಗ ಅರೆಗಳಿಗೆ ಆಸೆ ಚಿಗುರಿತು. ಬಳಿಕ ಟ್ರಾವಿಸ್ ಹೆಡ್ ೧೩೭ ಓಟಗಳನ್ನು ಹೊಡೆದನು. ೪೩ ಓವರುಗಳಲ್ಲಿ ಪಂದ್ಯ ಮುಗಿದುಹೋಯಿತು.

ಆ ರಾತ್ರಿ ನನ್ನ ದುಃಖದ ಬಗೆಯನ್ನು ಕೇಳಿರಿ. "ಮನಸ್ಸು ಮೊದಲೇ ಹೇಳಿತ್ತು; ಅದರಂತೆ ಆಸ್ಟ್ರೇಲಿಯದ ಮೇಲೆ ಒಡ್ಡಿದ್ದರೆ ಹಣ ಇಮ್ಮಡಿಯಾಗುತ್ತಿತ್ತಲ್ಲಾ!" ಎಂದು ಪರಿತಪಿಸಿದೆನು. ಸೋತ ಮೇಲೆಯೂ ನಾನು ಜೂಜುಗಾರನಾಗಿಯೇ ಉಳಿದಿದ್ದೆನು!

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸಾಕ್ಷಿಯೆಂಬುದು ಜೀವನ ಸ್ವರೂಪೇಂದ್ರಿಯ. ಮನಸ್ಸು ಜಡವಾದುದು, ರಾಗದ್ವೇಷಗಳ ದೋಷದಿಂದ ಅದು ತಪ್ಪಬಹುದು. ಸಾಕ್ಷಿಯು ತಪ್ಪದು. ಸುಖದುಃಖಗಳನ್ನೂ, ಜ್ಞಾನವನ್ನೂ, ಅದರ ಪ್ರಾಮಾಣ್ಯವನ್ನೂ ಅದು ನೇರವಾಗಿ ಗ್ರಹಿಸುತ್ತದೆ. ಹಾಗಾದರೆ ಪಂದ್ಯದ ಫಲವನ್ನು ಸಾಕ್ಷಿಯು ಮುಂದಾಗಿ ತಿಳಿಸಿತ್ತೇ? ಇಲ್ಲ. ನಾಳೆ ಯಾರು ಗೆಲ್ಲುವರೆಂಬುದು ಸಾಕ್ಷಿಯ ವಿಷಯವಲ್ಲ. ಅದು ಮನಸ್ಸಿನ ಊಹೆ ಮಾತ್ರ. ಒಮ್ಮೆ ಫಲಿಸಿದ ಊಹೆ ಮತ್ತೊಮ್ಮೆ ಕೈಕೊಡುತ್ತದೆ. ಸಾಕ್ಷಿಗೆ ತಿಳಿದದ್ದು ಬೇರೆ. ನನ್ನಲ್ಲಿ ನಿಶ್ಚಯವಿಲ್ಲ, ಸಂಶಯವಿದೆ ಎಂಬುದು ಅದಕ್ಕೆ ತಿಳಿದಿತ್ತು. ಹಣವನ್ನು ತೆಗೆಯುವಾಗ ಒಳಗೆ ಹುಟ್ಟಿದ ಸಂಕಟವೂ ತಿಳಿದಿತ್ತು. ಆ ಸಂಕಟಕ್ಕೆ ಕಾರಣವು ಪಂದ್ಯವಲ್ಲ, ಈ ಹಣ ನಿನ್ನದಲ್ಲವೆಂಬ ಅರಿವು. ಅದಕ್ಕೆ ಕಿವಿಗೊಟ್ಟಿದ್ದರೆ ನಾನು ಆಸ್ಟ್ರೇಲಿಯದ ಮೇಲೆ ಒಡ್ಡುತ್ತಿರಲಿಲ್ಲ, ಎಲ್ಲಿಯೂ ಒಡ್ಡುತ್ತಿರಲಿಲ್ಲ.

ಸಭಾಪರ್ವದಲ್ಲಿ ವಿದುರನು ದ್ಯೂತಕ್ಕೆ ಕರೆಯಲು ಬಂದಾಗ ಧರ್ಮರಾಜನಿಗೆ ಅದರ ಫಲವು ತಿಳಿಯದೇ ಇತ್ತೇ? ದ್ಯೂತದಿಂದ ಕಲಹವೇ ಹುಟ್ಟುವುದೆಂದು ತಾನೇ ನುಡಿದನು. ಆದರೂ ಕರೆದರೆ ಹಿಂಜರಿಯೆನೆಂಬ ವ್ರತವನ್ನು ಮುಂದಿಟ್ಟು ಹೊರಟನು. ಎರಡನೆಯ ಬಾರಿ ಕರೆ ಬಂದಾಗಲೂ ಕೇಡನ್ನು ಅರಿತೇ ಮರಳಿದನು. ೧೨ ವರ್ಷಗಳ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಬಂದೊದಗಿದವು. ಅಂಥ ಮಹಾತ್ಮನಿಗೇ ಕರೆಯೆಂಬುದು ಬಲೆಯಾಯಿತೆಂದರೆ, ಮಿತ್ರರ ನಗುವಿಗೆ ಅಂಜಿದ ನನ್ನಂಥವನ ಪಾಡೇನು? ಆಗ ಶ್ರೀಕೃಷ್ಣನು ಸಾಲ್ವನೊಡನೆ ಯುದ್ಧದಲ್ಲಿದ್ದನು. ಬಳಿಕ ವನಕ್ಕೆ ಬಂದು, ತಾನು ಇದ್ದಿದ್ದರೆ ಕರೆಯದಿದ್ದರೂ ಬಂದು ತಡೆಯುತ್ತಿದ್ದೆನೆಂದು ಹೇಳುತ್ತಾನೆ. ನಮ್ಮ ಹೃದಯದಲ್ಲಿಯಾದರೋ ಆ ಬಿಂಬರೂಪಿಯು ಸದಾ ಇದ್ದಾನೆ. ನಾವೇ ಅವನ ಕಡೆಗೆ ತಿರುಗುವುದಿಲ್ಲ.

ಭಾಗವತದ ಪ್ರಥಮ ಸ್ಕಂಧದಲ್ಲಿ ಪರೀಕ್ಷಿದ್ರಾಜನು ಕಲಿಗೆ ಕೊಟ್ಟ ಸ್ಥಾನಗಳಲ್ಲಿ ದ್ಯೂತವು ಒಂದು. ಕಲಿಯು ಮತ್ತೂ ಬೇಡಿದಾಗ ಚಿನ್ನವನ್ನು ಕೊಟ್ಟನು. ಅದರೊಡನೆ ಅಸತ್ಯವೂ ಬಂದಿತು. ಇದು ಸತ್ಯವೆಂದು ನಾನು ಅನುಭವದಿಂದ ಬಲ್ಲೆನು. ತಾಯಿಯು ಕೇಳಿದಾಗಲೆಲ್ಲ "ಕಲ್ಲುಕುಟಿಗನು ತಡಮಾಡುತ್ತಿದ್ದಾನಮ್ಮ" ಎಂದು ಸುಳ್ಳಾಡಿದೆನು. ಉತ್ಥಾನ ದ್ವಾದಶಿಯಂದು ಬಿರುಕುಬಿಟ್ಟ ವೃಂದಾವನಕ್ಕೇ ಸುಣ್ಣ ಕೆಮ್ಮಣ್ಣು ಬಳಿದು, ಕಬ್ಬು ನೆಲ್ಲಿಯ ಕೊಂಬೆಗಳನ್ನು ನೆಟ್ಟು ಪೂಜೆ ಮಾಡಿದೆವು. ಮಂಗಳಾರತಿಯ ಬೆಳಕಿನಲ್ಲಿ ಆ ಬಿರುಕನ್ನು ನೋಡಲಾರದೆ, ತೀರ್ಥ ಕೊಡುವ ಮೊದಲು ಎಲ್ಲವನ್ನೂ ಹೇಳಿದೆನು.

ತಾಯಿಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ತುಳಸಮ್ಮ ಇನ್ನೊಂದು ವರ್ಷ ಹಳೆಯ ಮನೆಯಲ್ಲೇ ಇರುತ್ತಾಳೆ. ಆದರೆ ಕಲ್ಲುಕುಟಿಗನ ಮೇಲೆ ಯಾಕೋ ಸುಳ್ಳು ಹೇಳಿದೆ? ಅವನೇನು ಮಾಡಿದ್ದ?" ಎಂದಳು. ಹಣದ ಮಾತನ್ನೇ ಎತ್ತಲಿಲ್ಲ. ಮರುವರ್ಷ ನನ್ನ ದುಡಿಮೆಯಿಂದ ಕಲ್ಲಿನ ವೃಂದಾವನ ಬಂದಿತು. ಆ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಹಣವೊಡ್ಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ೨೦೨೫ರಲ್ಲಿ ಅಂಗೀಕರಿಸಿತು. ಅದು ಒಳ್ಳೆಯದೇ. ಆದರೆ ಇಬ್ಬರು ಮಿತ್ರರು ಜಗಲಿಯ ಮೇಲೆ ಕೈಗೆ ಕೈ ತಟ್ಟಿ ಕಟ್ಟುವ ಬಾಜಿಯನ್ನು ಯಾವ ಕಾನೂನು ಕಂಡೀತು? ಅಲ್ಲಿ ಕಾಣುವವನು ಅಂತರ್ಯಾಮಿಯೊಬ್ಬನೇ. ಆದುದರಿಂದ ಮನೆಯ ಹಿರಿಯರು ಮಕ್ಕಳಿಗೆ ಪಂದ್ಯವನ್ನು ನೋಡಬೇಡಿರೆಂದು ಹೇಳಬೇಕಾಗಿಲ್ಲ. ಆಟವನ್ನು ನೋಡಲಿ, ಸಂತೋಷಪಡಲಿ. ಪಣಕ್ಕೆ ಕರೆ ಬಂದಾಗ, ಒಳಗೆ ಅಳುಕು ಹುಟ್ಟಿದ ಆ ಕ್ಷಣದಲ್ಲಿಯೇ ಹರಿಸ್ಮರಣೆ ಮಾಡಿ "ಒಲ್ಲೆ" ಎನ್ನುವುದನ್ನು ಕಲಿಸಲಿ. ಆಗ ನಕ್ಕವರು ಮರುದಿನ ಮರೆಯುತ್ತಾರೆ, ಒಳಗಿರುವವನು ಮರೆಯುವುದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥