ಆಡಲಾಗದ ದಿನಗಳ ಆಸರೆ

ಮಳೆಗಾಲದ ನಡುವೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪ್ರೌಢಶಾಲೆಗಳಲ್ಲಿ ಕ್ರೀಡಾಕೂಟದ ಗದ್ದಲ. ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ರಾಜ್ಯ. ಕೊಕ್ಕೊ, ಕಬಡ್ಡಿಯಲ್ಲಿ ಹೆಣ್ಣುಮಕ್ಕಳ ಕಾಲಿನ ಚುರುಕು ಕಂಡು ಮೇಷ್ಟ್ರುಗಳೇ ಬೆರಗಾಗುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯಿತೋ, ಎಷ್ಟೋ ಹುಡುಗಿಯರ ಆಟವೂ ಮುಗಿಯಿತು. ಪ್ರಮಾಣಪತ್ರ ಟ್ರಂಕಿನ ತಳ ಸೇರುತ್ತದೆ.

ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡಿಯೇ ಬದುಕು ಕಟ್ಟಿಕೊಳ್ಳುತ್ತಾರಲ್ಲ ಎಂದರೆ, ಅವರಿಗೆ ಪರಂಪರೆ ಇದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಪರಂಪರೆ ಎಂಥದ್ದು? 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹೆಂಗಸರ ತಂಡದ ಪಂದ್ಯಕ್ಕೆ 53 ಸಾವಿರ ಜನ ನೆರೆದಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಹೊಂದದು ಎಂದು ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಅರ್ಧ ಶತಮಾನ ಆ ನಿಷೇಧ ತೆರವಾಗಲಿಲ್ಲ. ಮಹಿಳಾ ಸೂಪರ್ ಲೀಗ್ ಶುರುವಾದದ್ದು 2011ರಲ್ಲಿ, ಅದು ಪೂರ್ತಿ ವೃತ್ತಿಪರವಾದದ್ದು 2018ರಲ್ಲಿ. 2007ರಲ್ಲಿ ಹುಟ್ಟಿದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆ ಲೀಗ್‌ಗಿಂತ ಹಿರಿಯದು.

ಅಲ್ಲಿನ ಮುನ್ಪಡೆ ಆಟಗಾರ್ತಿ ಕ್ಲೋಯಿ ಕೆಲ್ಲಿಯನ್ನೇ ನೋಡಿ. ಪಶ್ಚಿಮ ಲಂಡನ್‌ನಲ್ಲಿ ಐವರು ಅಣ್ಣಂದಿರ ಜೊತೆ, ಜಾಲರಿ ಕಟ್ಟಿದ ಗಟ್ಟಿ ನೆಲದ ಅಂಗಳದಲ್ಲಿ ಆಟ ಕಲಿತವಳು. 2021ರ ಮೇನಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ಆಡುವಾಗ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಟೋಕಿಯೋ ಒಲಿಂಪಿಕ್ಸ್ ಕೈತಪ್ಪಿತು. ಮೈದಾನಕ್ಕೆ ಮರಳಲು ಹೆಚ್ಚೂಕಡಿಮೆ ಒಂದು ವರ್ಷ ಹಿಡಿಯಿತು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ, 87,192 ಜನರ ಎದುರು, ಜರ್ಮನಿ ವಿರುದ್ಧದ ಯೂರೋ ಫೈನಲ್‌ನ 110ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದಳು. ಮುಂದೆ ಅದೇ ಕ್ಲಬ್‌ನಲ್ಲಿ ಅವಕಾಶ ಕಡಿಮೆಯಾಯಿತು. 2025ರ ಜನವರಿಯಲ್ಲಿ ಎರವಲು ಒಪ್ಪಂದದ ಮೇಲೆ ಆರ್ಸೆನಲ್ ಸೇರಿದಳು. ಮೇನಲ್ಲಿ ಆ ತಂಡ ಚಾಂಪಿಯನ್ಸ್ ಲೀಗ್ ಗೆದ್ದಿತು. ಜುಲೈನಲ್ಲಿ ಸ್ಪೇನ್ ವಿರುದ್ಧ ಯೂರೋ ಗೆಲ್ಲಿಸಿದ ಪೆನಾಲ್ಟಿಯೂ ಅವಳದೇ.

ನಾವು ಗೋಲುಗಳನ್ನು ನೋಡಿ ಚಪ್ಪಾಳೆ ತಟ್ಟುತ್ತೇವೆ. ಅವಳ ವೃತ್ತಿಯನ್ನು ಉಳಿಸಿದ್ದು ಗೋಲಿಲ್ಲದ ಆ ತಿಂಗಳುಗಳು. ಕಾಲು ನೆಲಕ್ಕೂರಲಾಗದಿದ್ದಾಗಲೂ ಒಪ್ಪಂದವಿತ್ತು, ವೈದ್ಯರಿದ್ದರು, ವಾಪಸು ಬಂದರೆ ಆಡಲು ಲೀಗ್ ಇತ್ತು. ಒಂದು ಕಡೆ ಬೆಂಚು ಕಾಯಬೇಕಾದಾಗ ಇನ್ನೊಂದು ತಂಡದ ಬಾಗಿಲು ತೆರೆದಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೂಡಿನ ಎಳೆ ನಡುವೆ ತುಂಡಾಗುವುದು ಸಹಜ. ತುಂಡಾಯಿತೆಂದು ಯಾರೂ ಗೂಡನ್ನು ಬಿಸಾಡುವುದಿಲ್ಲ, ತುದಿ ಹುಡುಕಿ ಮತ್ತೆ ಸೇರಿಸುತ್ತಾರೆ. ನಮ್ಮ ಆಟಗಾರ್ತಿಯರ ವಿಷಯದಲ್ಲಿ ಕಾಣದಿರುವುದು ಹಾಗೆ ಸೇರಿಸುವ ಕೈ.

ಕರ್ನಾಟಕದಲ್ಲಿ ಏನೂ ಇಲ್ಲವೆಂದಲ್ಲ. ದೆಹಲಿಯಲ್ಲಿ ಹುಟ್ಟಿದ ತನ್ವಿ ಹನ್ಸ್ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಮತ್ತು ಫುಲ್‌ಹ್ಯಾಮ್ ಮಹಿಳಾ ತಂಡಗಳಲ್ಲಿ ಆಡಿ, ಬೆಂಗಳೂರಿಗೆ ಬಂದು ಕರ್ನಾಟಕ ತಂಡದ ನಾಯಕಿಯಾದರು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದುದರಿಂದ ಭಾರತದ ಅಂಗಿ ತೊಡುವುದಕ್ಕೆ ನಿಯಮ ಅಡ್ಡಬಂತು. ಅವರು ಆಡುತ್ತಿದ್ದ ಕಾಲದಲ್ಲಿ ಟಾಟನ್‌ಹ್ಯಾಮ್‌ನ ಮಹಿಳಾ ತಂಡ ಮೇಲಿನ ದರ್ಜೆಯಲ್ಲೇ ಇರಲಿಲ್ಲ, 2019ರಲ್ಲಷ್ಟೇ ಸೂಪರ್ ಲೀಗ್‌ಗೆ ಏರಿತು. ಇತ್ತ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇನಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿತು. ಅಹಮದಾಬಾದಿನಲ್ಲಿ ಗೋಕುಲಂ ಕೇರಳ ಎದುರು 5-0ಯಿಂದ ಸೋತಿತು, ನಿಜ. ಆದರೂ ದೇಶದ ಎರಡನೇ ತಂಡ ನಮ್ಮದಾಗಿತ್ತು. ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕೆಂದು ರಾಷ್ಟ್ರೀಯ ಫೆಡರೇಷನ್ ಮಾತನಾಡಿದ್ದೂ ಅದೇ ವರ್ಷ. ದೊಡ್ಡ ಮೊತ್ತವೇನಲ್ಲ, ಆದರೆ ಮನೆಯಲ್ಲಿ ಅಪ್ಪನ ಮುಂದೆ ಇಟ್ಟು ಮಾತಾಡಬಹುದಾದ ಮೊತ್ತ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಹೂವು, ದ್ರಾಕ್ಷಿ, ಟೊಮೆಟೊ ದಿನವೂ ಆ ದಾರಿ ಹಿಡಿಯುತ್ತವೆ. ಚೆಂಡು ಒದೆಯುವ ಹುಡುಗಿಗೆ ಮಾತ್ರ ಅದು ದೂರದ ದಾರಿ. ಅದನ್ನು ಹತ್ತಿರ ಮಾಡಲು ವೆಂಬ್ಲಿ ಬೇಕಿಲ್ಲ. ತಾಲ್ಲೂಕು ಮೈದಾನದಲ್ಲಿ ಸಂಜೆ ಒಂದು ಗಂಟೆ ಹೆಣ್ಣುಮಕ್ಕಳಿಗೆ ಮೀಸಲಿಡಿ. ಪ್ರತಿ ವರ್ಷ ತಪ್ಪದೆ ನಡೆಯುವ ಜಿಲ್ಲಾ ಲೀಗ್ ಒಂದಿರಲಿ. ಕಾಲು ಉಳುಕಿಸಿಕೊಂಡವಳಿಗೆ ‘ಸಾಕು, ಮನೆಯಲ್ಲಿರು’ ಎನ್ನುವ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕರೆದೊಯ್ಯಿರಿ. ಪಿಯುಸಿಗೆ ಸೇರಿದ ಮಗಳ ಬೂಟನ್ನು ಅಟ್ಟಕ್ಕೆ ಹಾಕಬೇಡಿ, ಮುಂದಿನ ಪಂದ್ಯ ಯಾವಾಗ ಎಂದು ಅವಳನ್ನು ಕೇಳಿ.