ಪೂಜೆ ನಿಂತ ಮೇಲೆ

ಹೈದರಾಬಾದಿನಿಂದ ಮುಂಬಯಿ ರಸ್ತೆ ಹಿಡಿದರೆ ಊರು ಮುಗಿಯುವ ಹೊತ್ತಿಗೆ ಪಟಾನ್‌ಚೆರು ಬರುತ್ತದೆ. ಕಾರ್ಖಾನೆ, ಲಾರಿ, ಧೂಳು. ಕನ್ನಡ ಶಾಸನಗಳ ಪೊಟ್ಟಲಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. 1015ರಿಂದ 1042ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ನೆಲೆವೀಡು ಇದು. ಅವನ ರಾಣಿ ಸುಗ್ಗಲದೇವಿ, ಅವಳ ಗುರು ದೇವರ ದಾಸಿಮಯ್ಯ, ತುಂಬಿದ ಸಭೆಯಲ್ಲಿ ಜೈನರೊಡನೆ ನಡೆದ ವಾದ, ಸೋತವರ ಬಸದಿಗಳು ಉರುಳಿದ್ದು, ಎಲ್ಲವನ್ನೂ ವೀರಶೈವ ಪುರಾಣಗಳು ಉತ್ಸಾಹದಿಂದಲೇ ಹೇಳುತ್ತವೆ. ಅದರಲ್ಲಿ ಚರಿತ್ರೆ ಎಷ್ಟು, ಭಕ್ತಿಯ ಬಣ್ಣ ಎಷ್ಟು ಎಂಬುದನ್ನು ವಿದ್ವಾಂಸರು ತೀರ್ಮಾನಿಸಲಿ. ಅದೇ ಮಣ್ಣಿನಲ್ಲಿ ಸಿಕ್ಕ ಹನ್ನೆರಡನೆಯ ಶತಮಾನದ ಜಿನಬಿಂಬಗಳು ಮಾತ್ರ ಇಂದು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿವೆ.

ಅವುಗಳ ನಡುವೆ ಕರಿಗಲ್ಲಿನ ಒಬ್ಬ ಬಾಹುಬಲಿ ಇದ್ದಾನೆ. ಬಳ್ಳಿ ಕಾಲಿಗೆ ಸುತ್ತಿ, ತೊಡೆಗೆ ಏರಿ, ತೋಳನ್ನು ಬಳಸಿದೆ. ಶ್ರವಣಬೆಳಗೊಳದ ದೊಡ್ಡವನಿಗೆ ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಕಬ್ಬಿನ ಹಾಲು, ಅರಿಸಿನ, ಚಂದನ ಎಲ್ಲ ಸುರಿಯುತ್ತದೆ. ನೋಡಲು ಲಕ್ಷಗಟ್ಟಲೆ ಜನ. ಇವನಿಗೆ ಅಭಿಷೇಕವಿಲ್ಲ, ಆರತಿಯಿಲ್ಲ. ದಿನಾ ಬೆಳಿಗ್ಗೆ ಕಾಲ ಬುಡದ ನೆಲ ಒರೆಸುತ್ತಾರೆ, ಅಷ್ಟೇ. ಆದರೂ ಆ ಮುಖದ ಶಾಂತಿಯಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ನನಗೆ ಅಚ್ಚರಿ ಹುಟ್ಟುವುದು ಇಲ್ಲಿ. ಪೂಜಿಸಿದವರು ಹೋದರು, ಕೆಡವಿದವರೂ ಹೋದರು. ಎರಡೂ ಕಡೆಗೆ ಸೇರದ ಯಾರೋ ಇವನನ್ನು ಎತ್ತಿ ತಂದು, ಮಣ್ಣು ಕೊಡವಿ, ನೆರಳಿನಲ್ಲಿ ನಿಲ್ಲಿಸಿದರು. ಅವರಿಗೇನು ಬಂದಿತ್ತು?

ನಿಜಾಮರ ಸರ್ಕಾರ ಪುರಾತತ್ವ ಇಲಾಖೆ ತೆರೆದದ್ದು 1914ರಲ್ಲಿ. ಅದರ ಚುಕ್ಕಾಣಿ ಹಿಡಿದವರು ಗುಲಾಮ್ ಯಜ್ದಾನಿ. ಮರುವರ್ಷವೇ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕ ಬಂತು. ವಿಷಯ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ. 1935ರಲ್ಲಿ ಕೊಪ್ಪಳದ ಕನ್ನಡ ಶಾಸನಗಳು ಅದೇ ಮಾಲೆಯಲ್ಲಿ ಅಚ್ಚಾದವು. ಮುಸ್ಲಿಂ ಅರಸನ ಖಜಾನೆಯ ಹಣದಲ್ಲಿ ಬೌದ್ಧ ಚಕ್ರವರ್ತಿಯ ಮಾತು, ಜೈನರ ಕ್ಷೇತ್ರದ ಬರಹ, ಕನ್ನಡದ ಲಿಪಿ! 1930ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬಾಹುಬಲಿ ನಿಂತಿರುವ ಈ ವಸ್ತುಸಂಗ್ರಹಾಲಯವನ್ನು ಜನರಿಗೆ ತೆರೆದರು. ನಿಜಾಮರ ಪರ ನಿಂತ ರಜಾಕಾರ ಪಡೆಯ ಹಿಂಸೆಯ ದಿನಗಳನ್ನು ಕಂಡ ಕಲ್ಯಾಣ ಕರ್ನಾಟಕದ ಹಿರಿಯರಿಗೆ ನಿಜಾಮರ ಹೆಸರು ಹೇಳಿದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ಆ ಕಹಿಗೆ ಕಾರಣವಿದೆ. ಉಳಿಸಿಕೊಟ್ಟದ್ದರ ಈ ಲೆಕ್ಕವನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು.

ಅಜಂತಾ ಆಗ ಹೈದರಾಬಾದ್ ಸಂಸ್ಥಾನದ ಒಳಗಿತ್ತು. ಗೋಡೆಯ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತಿತ್ತು. 1920ರಲ್ಲಿ ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿದರು. ಅವರು ಸಡಿಲವಾದ ಗಾರೆಯನ್ನು ಹಿಡಿದು ನಿಲ್ಲಿಸಿದರು, ಬಣ್ಣದ ಮೇಲೆ ಅರಗಿನ ಮೆರುಗೆಣ್ಣೆಯನ್ನೂ ಬಳಿದರು. ವರ್ಷಗಳು ಉರುಳಿದಂತೆ ಆ ಲೇಪವೇ ಹಳದಿಗಟ್ಟಿ ಚಿತ್ರಗಳನ್ನು ಮಬ್ಬು ಮಾಡಿತು. ಮುಂದೆ ಬಂದ ರಸಾಯನತಜ್ಞರು ಅದನ್ನು ಅಂಗುಲ ಅಂಗುಲವಾಗಿ ತೆಗೆಯಬೇಕಾಯಿತು. ಉಳಿಸಲು ಹೋದ ಕೈಯೂ ಕಲೆ ಬಿಡುತ್ತದೆ. ಇಷ್ಟಾದರೂ ಅವರು ಬರದೇ ಇದ್ದಿದ್ದರೆ ನಮಗೆ ಬರೀ ಬೋಳು ಗೋಡೆ ಸಿಗುತ್ತಿತ್ತೇನೋ. ಅದಕ್ಕೂ ಮೊದಲು ಲೇಡಿ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಮಹಿಳೆ ಗುಹೆಯ ಕತ್ತಲಲ್ಲಿ ಕೂತು ಪ್ರತಿ ಮಾಡಿಸಿದಾಗ ಕುಂಚ ಹಿಡಿದವರಲ್ಲಿ ಹೈದರಾಬಾದಿನ ಸೈಯದ್ ಅಹ್ಮದ್ ಇದ್ದರು, ಬಂಗಾಳದ ತರುಣ ನಂದಲಾಲ್ ಬೋಸ್ ಇದ್ದರು.

ಅದೇ ನಂದಲಾಲರ ಬಳಿ ಶಾಂತಿನಿಕೇತನದಲ್ಲಿ ಕಲಿತ ಜಗದೀಶ್ ಮಿತ್ತಲ್ ಮುಂದೆ ಹೈದರಾಬಾದಿಗೆ ಬಂದು ನೆಲೆಸಿದರು. ಗಂಡ ಹೆಂಡತಿ ಇಬ್ಬರೂ ಕಲಾವಿದರು, ಸಿರಿವಂತರಲ್ಲ. ಚಿತ್ರ, ಕಂಚು, ಬಟ್ಟೆ, ನಮ್ಮ ಬೀದರಿನ ಬಿದರಿ, ಹೀಗೆ ಒಂದೊಂದಾಗಿ ಕೂಡಿಟ್ಟು, 1976ರಲ್ಲಿ ಎಲ್ಲವನ್ನೂ ಸಾರ್ವಜನಿಕ ನ್ಯಾಸಕ್ಕೆ ಬರೆದುಕೊಟ್ಟರು. ಒಂದೆರಡು ಮಾರಿದ್ದರೂ ಆರಾಮಾಗಿ ಇರಬಹುದಿತ್ತು. ಆ ಸಂಗ್ರಹದಲ್ಲಿ ತೆಲಂಗಾಣದ ಉದ್ದುದ್ದದ ಬಟ್ಟೆಯ ಪಟಗಳಿವೆ. ಊರೂರು ತಿರುಗುವ ಕತೆಗಾರರು ಒಂದೊಂದೇ ಅಂಕಣ ಬಿಚ್ಚುತ್ತ, ಒಂದೊಂದು ಜಾತಿಯ ಕುಲಪುರಾಣವನ್ನು ಹಾಡಿ ತೋರಿಸುತ್ತಿದ್ದ ಪಟಗಳು ಅವು. ಪಟ ಜೀರ್ಣವಾದರೆ ಅದನ್ನು ಹೊಳೆಗೆ ಬಿಡುವುದು ಪದ್ಧತಿ. ಹುಸೇನ್ ಸಾಗರಕ್ಕೆ ಪ್ರತಿವರ್ಷ ಗಣಪನನ್ನು ಬಿಡುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ನೀರಿಗೆ ಹೋಗಬೇಕಾದ ದೇವರನ್ನು ಕಪಾಟಿನಲ್ಲಿ ಹಿಡಿದಿಡುವುದು ಸರಿಯೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಪಟ ಬರೆಯುವ ಕೈಗಳು ಊರುತುಂಬ ಇದ್ದ ಕಾಲದಲ್ಲಿ ಹೊಳೆಯೇ ಸರಿ. ಬರೆಯುವ ಮನೆಗಳು ಬೆರಳೆಣಿಕೆಗೆ ಇಳಿದಾಗ ಕಪಾಟೇ ಸರಿ.

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಕೂಡ ಹೀಗೆ ಕೈದಾಟಿ ಬಂದದ್ದೇ. ಒಮ್ಮೆ ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ 1949ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 1958ರಲ್ಲಿ ಬಂಧುಗಳೆಲ್ಲ ಒಪ್ಪಿ ಸಂಗ್ರಹವನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆಸ್ತಿಯ ವ್ಯಾಜ್ಯ ಹೀಗೆ ಮುಗಿದದ್ದೇ ಒಂದು ಪವಾಡ. ಕುರಾನಿನ ಹಸ್ತಪ್ರತಿ, ಜಿನಬಿಂಬ, ಬೈಬಲ್ಲಿನ ರೆಬೆಕ್ಕಾ, ಎಲ್ಲರೂ ಅಲ್ಲಿ ಒಂದೇ ಸೂರಿನ ಕೆಳಗೆ. ಜನ ಮಾತ್ರ ಗಂಟೆಗೊಮ್ಮೆ ಗಡಿಯಾರದ ಬೊಂಬೆ ಹೊರಬಂದು ಬಾರಿಸುವುದನ್ನು ನೋಡಲು ಮುಗಿಬೀಳುತ್ತಾರೆ. ಬೀಳಲಿ, ಅದೂ ಬೆರಗೇ.

ಉಳಿಸುವ ಈ ಚಿಂತೆ ಹೊಸದಲ್ಲ. ನಮ್ಮ ಹಳೆಯ ದಾನಶಾಸನಗಳಲ್ಲಿ ಒಂದು ವಿವರ ನನಗೆ ತುಂಬ ಇಷ್ಟ. ಗುರುಗಳ ಕಾಲು ತೊಳೆದು, ಧಾರೆ ಎರೆದು, ಹೊಲದ ಎಲ್ಲೆ ಹೇಳಿ, ಬಸದಿಗೆ ಭೂಮಿ ಬಿಡುತ್ತಾರೆ. ಅದರ ಆದಾಯ ಪೂಜೆಗೆ, ಮುನಿಗಳ ಆಹಾರಕ್ಕೆ, ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಎಂದರೆ ಒಡೆದು ಬಿರುಕು ಬಿಟ್ಟದ್ದರ ದುರಸ್ತಿಗೆ. ಗೋಡೆಯ ಸುಣ್ಣ ಆರುವ ಮೊದಲೇ ಅದು ಬಿರುಕು ಬಿಡುವ ದಿನವನ್ನು ನೆನೆದು ದುಡ್ಡು ತೆಗೆದಿಟ್ಟವರು ಅವರು. ಕೊನೆಯಲ್ಲಿ ಈ ದಾನಕ್ಕೆ ಕೈಹಾಕಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಬೇರೆ. ನಾವು ಹೊಸ ಗೋಪುರಕ್ಕೆ ಕೊಡುತ್ತೇವೆ, ಫಲಕದಲ್ಲಿ ಹೆಸರು ಕೆತ್ತಿಸುತ್ತೇವೆ. ಹಳೆಯ ಬಿಂಬದ ತೇವ ಒರೆಸಲು, ತಾಳೆಗರಿಗೆ ಎಣ್ಣೆ ಸವರಲು ಕೊಡುವವರು ಕಡಿಮೆ.

ಓದುಗರಲ್ಲಿ ಒಂದು ಕೇಳಿಕೆ. ಅಟ್ಟದ ಮೇಲೋ ದೇವರ ಕೋಣೆಯಲ್ಲೋ ನೂರು ವರ್ಷ ದಾಟಿದ ಕಂಚಿನ ವಿಗ್ರಹವಿದ್ದರೆ 1972ರ ಪುರಾವಸ್ತು ಕಾಯ್ದೆಯಂತೆ ನೋಂದಣಿ ಮಾಡಿಸಿ. ಪೂಜೆ ನಡೆಯುತ್ತಿದ್ದರೆ ನಡೆಯಲಿ. ಮುಂದೆ ಮಾಡುವವರಿಲ್ಲ ಎನಿಸಿದರೆ ಗುಜರಿಯವನಿಗೂ ದಲ್ಲಾಳಿಗೂ ಕೊಡಬೇಡಿ, ಹತ್ತಿರದ ಸಂಗ್ರಹಾಲಯಕ್ಕೆ ಕೊಡಿ. ಯಾವ ಊರಿನದು, ಯಾರು ಪೂಜಿಸುತ್ತಿದ್ದರು ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಕೈಲಾದರೆ ಅದರ ಆರೈಕೆಗೂ ಒಂದಿಷ್ಟು ಹಣ ಕೊಡಿ.