ಸೂಜಿ ಹಾಕದ ಡಾಕ್ಟರು

ಏಪ್ರಿಲ್ ಮಧ್ಯಾಹ್ನ ಕೋಲಾರದ ಕಡೆ ಯಾವುದಾದರೂ ಕೊಟ್ಟಿಗೆಗೆ ಹೋಗಿ ನೋಡಿ. ಮೇಲೆ ತಗಡಿನ ಶೀಟು, ಕೆಳಗೆ ಸೀಮೆಹಸು. ಬಾಯಿ ತೆರೆದು ಏದುಸಿರು ಬಿಡುತ್ತಿದೆ, ಜೊಲ್ಲು ಸುರಿಯುತ್ತಿದೆ, ಮೇವನ್ನು ಮೂಸಿ ಬಿಟ್ಟಿದೆ. ಹಾಲು ಇಳಿದಿದೆ. ಬೆದೆ ಸರಿಯಾಗಿ ಕಾಣುವುದಿಲ್ಲ, ಕಂಡರೂ ಗಬ್ಬ ನಿಲ್ಲುವುದಿಲ್ಲ. ಡಾಕ್ಟರು ಬಂದೊಡನೆ ಮನೆಯವರದು ಒಂದೇ ಮಾತು: "ಏನಾದ್ರೂ ಒಂದು ಸೂಜಿ ಹಾಕಿ ಸಾರ್."

ಪಶುವೈದ್ಯ ವಿದ್ಯಾರ್ಥಿಗಳಿಗೆ ಹವಾಮಾನ ಬದಲಾವಣೆಯ ಪಾಠವನ್ನು ಈ ಮಾತಿನಿಂದಲೇ ಶುರುಮಾಡಬೇಕು. ಕರಗುವ ಹಿಮದ ಚಿತ್ರ ಆಮೇಲೆ ತೋರಿಸಿದರಾಯಿತು. ಉಷ್ಣಾಂಶ, ತೇವಾಂಶ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕ 72 ದಾಟಿದರೆ ಹಸುವಿಗೆ ಸೆಕೆಯ ಬಾಧೆ ಎಂದು ಪುಸ್ತಕ ಹೇಳುತ್ತದೆ; ಹೆಚ್ಚು ಕರೆಯುವ ಹಸುವಿಗೆ 68ಕ್ಕೇ ಶುರು. ಹೆಚ್ಚು ಹಾಲಿಗೆ ಹೆಚ್ಚು ಮೇವು ಬೇಕು, ಆ ಮೇವು ಕರಗುವಾಗ ಹೊಟ್ಟೆಯೊಳಗೇ ಕಾವು ಏಳುತ್ತದೆ. ನಮ್ಮ ಹಳ್ಳಿಕಾರ್ ತಳಿ ಬಿಸಿಲು ತಡೆಯುತ್ತದೆ, ಸರಿ. ಡೈರಿಗೆ ಹಾಕುವಷ್ಟು ಹಾಲು ಅದರ ಕೆಚ್ಚಲಲ್ಲಿಲ್ಲ.

ಈ ಕಾಯಿಲೆಗೆ ಸೂಜಿಯಿಲ್ಲ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಬೇಕು, ದಿನವಿಡೀ ನೀರು ಎಟುಕುವಂತಿರಬೇಕು, ಮೇವು ತಂಪು ಹೊತ್ತಿನಲ್ಲಿ ಹಾಕಬೇಕು. ಮೈಮೇಲೆ ನೀರು ಚಿಮುಕಿಸಿದರೆ ಗಾಳಿಯೂ ಆಡಬೇಕು, ಇಲ್ಲದಿದ್ದರೆ ಕೊಟ್ಟಿಗೆ ಇನ್ನಷ್ಟು ಧಗೆ. ಇಷ್ಟು ಹೇಳಿ ಬ್ಯಾಗು ತೆರೆಯದೆ ಹೊರಟ ಡಾಕ್ಟರನ್ನು ಊರು ಏನೂ ಬಾರದವನು ಎನ್ನುತ್ತದೆ. ಆ ಮಾತು ಕೇಳಿಸಿಕೊಂಡೂ ಸುಳ್ಳು ಸೂಜಿ ಚುಚ್ಚದಿರುವುದು ಸಣ್ಣ ವಿದ್ಯೆಯಲ್ಲ.

ರೋಗಗಳೂ ಜಾಗ ಬದಲಿಸುತ್ತಿವೆ. ಮಳೆಗಾಲ ಮುಗಿಯುತ್ತಲೇ ನಮ್ಮ ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗ 2006ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಣಿಸಿತು. ಅಲ್ಲಿ ಅದು ಬಲು ಬಿಸಿಯ ಬೇಸಿಗೆ. ರೋಗ ಹರಡುವುದು ಕಣ್ಣಿಗೆ ಬೀಳುವುದೇ ಕಷ್ಟ ಎನ್ನುವಷ್ಟು ಸಣ್ಣ ನೊಣ; ಬಿಸಿ ಅದಕ್ಕೆ ಅನುಕೂಲ.

ಇನ್ನು ಮೀಥೇನ್. ಹಸು ತೇಗಿದಾಗ ಬರುವ ಈ ಅನಿಲ, 100 ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಕಾವು ಹಿಡಿಯುತ್ತದೆ. ವಿದ್ಯಾರ್ಥಿಗೆ ಇದು ಗೊತ್ತಿರಲೇಬೇಕು. ಆದರೆ ಡೈರಿ ಬಟವಾಡೆಯಲ್ಲಿ ಮಕ್ಕಳ ಫೀಜು ಕಟ್ಟುವ ಹೆಂಗಸಿನ ಎದುರು ಆರೋಪಪಟ್ಟಿ ಓದುವುದು ಅನ್ಯಾಯ. ಅವಳ ಹಸು ಹೊತ್ತಿಗೆ ಸರಿಯಾಗಿ ಗಬ್ಬವಾಗಿ ಚೆನ್ನಾಗಿ ಕರೆದರೆ ಲೀಟರಿಗೆ ಬೀಳುವ ಮೀಥೇನ್ ತಾನಾಗಿ ಇಳಿಯುತ್ತದೆ. ಅದು ಡಾಕ್ಟರರ ದಿನದ ಕೆಲಸವೇ.

ಇಂಟರ್ನ್‌ಶಿಪ್ ಮುಗಿಯುವಾಗ ಒಂದು ಪರೀಕ್ಷೆ ಇಡಬಹುದು. ಏಪ್ರಿಲ್‌ನಲ್ಲಿ, ಅಂಥದೊಂದು ಕೊಟ್ಟಿಗೆಯಲ್ಲಿ, ಸೂಜಿ ಯಾಕೆ ಬೇಡ ಎಂದು ಮನೆಯವರನ್ನು ಒಪ್ಪಿಸಬೇಕು. ಅಂಕ ಕೊಡುವವರೂ ಅವರೇ. ಎಷ್ಟು ಜನ ಪಾಸಾಗುತ್ತಾರೋ ಕಾಣೆ. ನನಗೆ ಅನುಮಾನವಿರುವುದು ಹುಡುಗರ ಮೇಲಲ್ಲ, ಮೇಷ್ಟ್ರುಗಳ ಮೇಲೆ.